ಸ್ಥಳನಾಮಗಳೂ ಹಳೆಯ ಅಂಚೆಮನೆಗಳೂ

ಹಸ್ತಪ್ರತಿಗಳ ಸೂಚಿಯನ್ನು ಸಿದ್ಧಪಡಿಸುವವರು ಪ್ರತಿಯೊಂದು ಕಟ್ಟಿಗೂ ಎರಡು ಸ್ಥಳನಾಮಗಳನ್ನು ದಾಖಲಿಸಬೇಕಾಗುತ್ತದೆ. ಒಂದು, ಪ್ರತಿ ಲಿಖಿತವಾದ ಸ್ಥಳ. ಇನ್ನೊಂದು, ಪ್ರತಿ ದೊರೆತ ಸ್ಥಳ. ಮೊದಲನೆಯದನ್ನು ಲಿಪಿಕಾರನು ಗ್ರಂಥಾಂತ್ಯದ ಪ್ರಶಸ್ತಿಯಲ್ಲಿ ಹೇಳಿರುತ್ತಾನೆ. ಎರಡನೆಯದನ್ನು ಪ್ರತಿಯ ಒಡೆಯರ ವಿಳಾಸದಿಂದ ನಾವು ಬರೆದುಕೊಳ್ಳುತ್ತೇವೆ. ಪ್ರಶಸ್ತಿಯ ಹೆಸರನ್ನು ಪರೀಕ್ಷಿಸಬೇಕೆಂಬ ಎಚ್ಚರ ನಮ್ಮಲ್ಲಿ ಎಲ್ಲರಿಗೂ ಉಂಟು. ವಿಳಾಸದ ಹೆಸರನ್ನು ಮಾತ್ರ ಪ್ರಶ್ನಿಸದೆ ಒಪ್ಪಿಬಿಡುತ್ತೇವೆ. ಅಂಚೆಯ ಮುದ್ರೆಯಲ್ಲಿ ಕಾಣುವ ಊರ ಹೆಸರೂ ಒಂದು ಪ್ರತಿಯೇ. ಅದಕ್ಕೂ ಒಬ್ಬ ಲಿಪಿಕಾರನಿದ್ದಾನೆ, ಅದರಲ್ಲಿಯೂ ಸ್ಖಾಲಿತ್ಯಗಳಿವೆ ಎಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸಿದ್ದೇನೆ.

ಈ ವಿಷಯ ನನ್ನ ಮನಸ್ಸಿಗೆ ಬಂದುದು ನನ್ನದೇ ಒಂದು ತಪ್ಪಿನಿಂದ. ಒಂದು ಭಂಡಾರದ ದಾಖಲೆ ಪುಸ್ತಕದಲ್ಲಿ ಒಂದು ತಾಳೆಯೋಲೆಯ ಕಟ್ಟಿನ ಲಿಖಿತ ಸ್ಥಳ ಬೆಳಗಾವಿ ಎಂದಿತ್ತು. ನಾನೂ ಅದನ್ನು ಹಾಗೆಯೇ ನನ್ನ ಪಟ್ಟಿಗೆ ಇಳಿಸಿಕೊಂಡೆ. ಕೆಲವು ಕಾಲದ ಮೇಲೆ ಕೊನೆಯ ಗರಿಯನ್ನು ಓದಿದಾಗ, ಅಲ್ಲಿದ್ದುದು ಬೆಳಗಾವಿಯಲ್ಲ, ‘ವೇಣುಪುರ’. ಅದರೊಡನೆ ಚಂದ್ರನಾಥ ಚೈತ್ಯಾಲಯದ ಉಲ್ಲೇಖ. ವೇಣುಪುರವೆಂಬುದು ಮೂಡಬಿದಿರೆಯ ಸಂಸ್ಕೃತ ರೂಪವೆಂದೂ, ಅಲ್ಲಿನ ಸಾವಿರ ಕಂಬದ ಬಸದಿ, ಅಂದರೆ 1430ರ ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯ, ಚಂದ್ರನಾಥನದೆಂದೂ ಪಂಡಿತರಿಗೆ ಹೇಳಬೇಕಾಗಿಲ್ಲ. ದಾಖಲೆಯನ್ನು ಬರೆದವರು ಬೆಳಗಾವಿಗೆ ಹೋದುದು ಹೇಗೆ? ಕಟ್ಟಿಗೆ ಸುತ್ತಿದ್ದ ಹಳೆಯ ಲಕೋಟೆಯ ಮೇಲೆ ಬೆಳಗಾವಿಯ ಟಪಾಲಿನ ಮುದ್ರೆಯಿತ್ತು. ರಟ್ಟರ ಶಾಸನಗಳಲ್ಲಿ ಬೆಳಗಾವಿಗೆ ‘ವೇಣುಗ್ರಾಮ’ ಎಂಬ ಹೆಸರಿರುವುದು ಅವರಿಗೆ ನೆನಪಾಗಿರಬೇಕು. ಮುದ್ರೆಯೂ ವ್ಯುತ್ಪತ್ತಿಯೂ ಒಂದನ್ನೊಂದು ಬೆಂಬಲಿಸಿದಂತೆ ತೋರಿತು, ಓಲೆಯ ಸಾಕ್ಷ್ಯ ಹಿಂದೆ ಬಿದ್ದಿತು. ಬೆಳಗಾವಿಯಲ್ಲಿ ನೆಲಸಿದ್ದ ಒಡೆಯರೊಬ್ಬರು ಪ್ರತಿಯನ್ನು ಕಳುಹಿಸಿದ್ದರು, ಅಷ್ಟೆ. ಈ ತಪ್ಪು ಹಾಗೆಯೇ ಮುದ್ರಿತವಾಗಿದ್ದರೆ, ತುಳುನಾಡಿನ ಲೇಖನಪರಂಪರೆಗೆ ಸೇರಿದ ಒಂದು ಪ್ರತಿ ರಟ್ಟರ ನಾಡಿನ ಪ್ರತಿಯೆಂದು ಎಣಿಕೆಗೆ ಬರುತ್ತಿತ್ತು. ಪ್ರತಿಗಳ ಶಾಖಾನಿರ್ಣಯವೇ ಕೆಡುತ್ತಿತ್ತು.

‘ಅಂಚೆ’ ಎಂಬ ಶಬ್ದದ ಬಗೆಗೆ ಇಲ್ಲಿ ಒಂದು ಮಾತು. ಹಳಗನ್ನಡದಲ್ಲಿ ‘ಅಂಚೆ’ಯು ‘ಹಂಸ’ದ ತದ್ಭವ. ನಳ ದಮಯಂತಿಯರ ನಡುವೆ ಸಂದೇಶವನ್ನು ಒಯ್ದ ಹಂಸದಿಂದಲೇ ಟಪಾಲಿಗೆ ಈ ಹೆಸರು ಬಂದಿತೆಂದು ಹೇಳುವವರುಂಟು. ಕಲ್ಪನೆ ರಮ್ಯವಾಗಿದೆ. ಆದರೆ ಎರಡು ಶಬ್ದಗಳ ರೂಪ ಒಂದಾದ ಮಾತ್ರಕ್ಕೆ ಮೂಲವೂ ಒಂದೆಂದು ಸಾಧಿಸಿದಂತಾಗುವುದಿಲ್ಲ. ಕಿಟ್ಟೆಲ್ ಅವರ ನಿಘಂಟು ಇವೆರಡನ್ನೂ ಬೇರೆ ಬೇರೆಯಾಗಿಯೇ ಕೊಟ್ಟಿರುವುದು ಗಮನಾರ್ಹ. ತಿರುವಾಂಕೂರಿನ ‘ಅಂಚಲ್’ ಎಂಬ ರೂಪವನ್ನೂ ಇದರೊಡನೆ ನೋಡಬೇಕಾಗುತ್ತದೆ.

ಮೈಸೂರು ಸೀಮೆಯಲ್ಲಿ ಅಂಚೆಯನ್ನು ವ್ಯವಸ್ಥೆಗೊಳಿಸಿದ ಕೀರ್ತಿ ಚಿಕ್ಕದೇವರಾಜ ಒಡೆಯರಿಗೆ ಸಲ್ಲುತ್ತದೆ. ಅವರ ಆಳ್ವಿಕೆ 1673ರಿಂದ 1704ರವರೆಗೆ. ಆ ಅಂಚೆಯ ಉದ್ದೇಶ ಪತ್ರಗಳನ್ನು ಒಯ್ಯುವುದಷ್ಟೇ ಆಗಿರಲಿಲ್ಲ. ಊರೂರಿನ ಸುದ್ದಿಯನ್ನು ಅರಸನಿಗೆ ಮುಟ್ಟಿಸುವುದೂ ಅಂಚೆಯವರ ಕೆಲಸವಾಗಿತ್ತು. ಆದುದರಿಂದ ಅಂಚೆಯವನು ಊರನ್ನು ಊರಿನವರು ಕರೆಯುವ ಹೆಸರಿನಿಂದಲೇ ಅರಿತಿರಬೇಕಾಗಿತ್ತೆಂದು ಊಹಿಸಬಹುದು. ಹೈದರ್, ಟಿಪ್ಪು, ಪೂರ್ಣಯ್ಯ, ಬಳಿಕ ಕಮಿಷನರುಗಳು, ಇವರೆಲ್ಲರ ಕಾಲದಲ್ಲಿಯೂ ಮುಂದುವರಿದ ಈ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯದ ಟಪಾಲು ಇಲಾಖೆಯಲ್ಲಿ ಲೀನವಾಯಿತು. ರೈಸ್ ಅವರು ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ಪ್ರಕಟಿಸಿದ್ದೂ ಅದೇ 1889ರಲ್ಲಿ. ಊರಿನ ಹತ್ತಾರು ಹಳೆಯ ಹೆಸರುಗಳು ವಿದ್ವಾಂಸರ ಕೈಗೆ ಬಂದ ವರ್ಷದಲ್ಲಿಯೇ ಅದರ ವ್ಯವಹಾರದ ಹೆಸರು ಇಂಗ್ಲಿಷ್ ಅಕ್ಷರಗಳನ್ನು ಆಶ್ರಯಿಸಿದ ಇಲಾಖೆಯ ವಶವಾದದ್ದು ಒಂದು ಆಕಸ್ಮಿಕ.

ಮೈಸೂರಿನ ಹೊರಗೆ ಕನ್ನಡ ನಾಡು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿತ್ತು. ಮೂಡಬಿದಿರೆ, ಕಾರ್ಕಳ, ವೇಣೂರುಗಳು ಮದರಾಸು ಪ್ರಾಂತಕ್ಕೂ, ಬೆಳಗಾವಿ, ಬಂಕಾಪುರ, ಬಾದಾಮಿಗಳು ಮುಂಬಯಿ ಪ್ರಾಂತಕ್ಕೂ ಸೇರಿದ್ದವು. 1854ರಲ್ಲಿ ಇಡೀ ದೇಶಕ್ಕೆ ಒಂದೇ ಬಗೆಯ ಅಂಚೆಚೀಟಿ ಬಂದಮೇಲೆ ಈ ಪ್ರಾಂತಗಳ ಊರುಗಳು ಒಂದೇ ಇಲಾಖೆಯ ಅಂಗಗಳಾದವು. ಕೊಪ್ಪಳ, ಮಳಖೇಡಗಳು ಇದ್ದುದು ನಿಜಾಮರ ರಾಜ್ಯದಲ್ಲಿ. ಅಲ್ಲಿ ನಿಜಾಮರದೇ ಆದ ಟಪಾಲು 1950ರವರೆಗೂ ನಡೆಯಿತು. ಇಂಗ್ಲಿಷ್ ಲಿಪಿಯಲ್ಲಿ ಳಕಾರ ಲಕಾರಗಳ ಭೇದವಿಲ್ಲ. ಟ-ತ, ಡ-ದ, ಣ-ನ ಇವುಗಳಿಗೆ ಒಂದೊಂದೇ ಅಕ್ಷರ. ಹ್ರಸ್ವ ದೀರ್ಘಗಳೂ ತೋರವು. ಅರಬ್ಬೀ ಮೂಲದ ಉರ್ದು ಲಿಪಿಯಲ್ಲಿ ಮೂರ್ಧನ್ಯ ಟ ಡಗಳಿಗೆ ಸಂಕೇತಗಳಿವೆಯಾದರೂ ಳಕಾರವಿಲ್ಲ, ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೂ ಇಲ್ಲ. ಹೀಗಿರುವಲ್ಲಿ ಒಂದೊಂದು ಆಡಳಿತದ ಕೈಯಲ್ಲಿ ಊರ ಹೆಸರು ಒಂದೊಂದು ಬಗೆಯಾಗಿ ಸವೆದುದು ಆಶ್ಚರ್ಯವಲ್ಲ.

ಕೊಪ್ಪಳವನ್ನೇ ನೋಡಬಹುದು. ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಅದು ಕೊಪಣ, ಕುಪಣ, ಮಹಾತೀರ್ಥವೆಂದು ಖ್ಯಾತವಾದುದು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಹೆಸರಿಸುವುದು ಇದನ್ನೇ. ಆದರೆ 1935ರಲ್ಲಿ ಹೈದರಾಬಾದಿನ ಪುರಾತತ್ತ್ವ ಇಲಾಖೆ ಅಲ್ಲಿನ ಕನ್ನಡ ಶಾಸನಗಳನ್ನು ಪ್ರಕಟಿಸಿದಾಗ ಗ್ರಂಥದ ಹೆಸರಿನಲ್ಲಿ ಊರು ‘ಕೊಪ್‌ಬಾಳ್’ ಆಗಿ ನಿಂತಿತು. ಶಾಸನದ ಒಳಗೆ ಕೊಪಣ, ರಕ್ಷಾಪತ್ರದ ಮೇಲೆ ಕೊಪ್‌ಬಾಳ್! ಕಛೇರಿಯ ರೂಪವು ವಿದ್ವತ್ತಿನ ಗ್ರಂಥವನ್ನೇ ಪ್ರವೇಶಿಸಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಈ ನಾಲ್ಕು ಸ್ಥಳಗಳಲ್ಲಿ ಕಿಸುವೊಳಲು ಇಂದು ಪಟ್ಟದಕಲ್ಲು, ಪಂಪನ ಭಾಷೆಗೆ ಆಕರವಾದ ಪುಲಿಗೆರೆ ಇಂದು ಲಕ್ಷ್ಮೇಶ್ವರ. ಇವುಗಳಿಗೆ ಹಳೆಯ ಹೆಸರಿನಲ್ಲಿ ಕಾಗದ ಬರೆದರೆ ಅದು ಮುಟ್ಟಲಾರದು.

ಶಬ್ದವ್ಯತ್ಯಾಸದ ಕ್ರಮವನ್ನು ತಿಳಿದವರಿಗೆ ಕೆಲವು ಹೆಸರುಗಳು ತೊಡಕನ್ನು ಒಡ್ಡುವುದಿಲ್ಲ. ಪೊಂಬುರ್ಚ, ಪೊಂಬುಚ್ಚ ಎಂಬುದು ಪಕಾರ ಹಕಾರವಾಗಿ ಹೊಂಬುಚ, ಹೊಂಬುಜ, ಹುಂಚ ಎಂದು ಇಳಿದು ಬಂದಿದೆ. ಕುವಳಾಲವು ಕೋಳಾಲವಾಗಿ ಕೋಲಾರವಾಯಿತು. ಕಷ್ಟವಿರುವುದು ಸಂಸ್ಕೃತೀಕರಣಗೊಂಡ ಹೆಸರುಗಳಲ್ಲಿ. ಬೆಳ್ಗೊಳವು ‘ಬಿಳಿಯ ಕೊಳ’ವೆಂಬ ಅರ್ಥದಿಂದ ಶ್ವೇತಸರೋವರವೂ ಧವಳಸರಸ್ಸೂ ಆಗಿ ಕಾಣಿಸಿಕೊಳ್ಳುತ್ತದೆ, ಗೊಮ್ಮಟಪುರವೆಂಬುದೂ ಅದೇ. ಕಾರ್ಕಳವು ಪಾಂಡ್ಯನಗರಿ. ಈ ರೂಪಗಳಾವುವೂ ಯಾವ ಅಂಚೆಮನೆಯ ಪಟ್ಟಿಯಲ್ಲಿಯೂ ಸಿಗುವಂಥವಲ್ಲ. ಆದರೆ ಎಲ್ಲ ಸಂಸ್ಕೃತ ರೂಪವನ್ನೂ ಅರ್ಥದಿಂದ ಒಡೆಯಲು ಹೊರಡುವುದು ಸಲ್ಲದು. ‘ವಂಕಾಪುರ’ವನ್ನು ನೋಡಿ ವಕ್ರಾರ್ಥವನ್ನು ಹುಡುಕುವವನಿಗೆ ಉತ್ತರಪುರಾಣದ ಪ್ರಶಸ್ತಿಯೇ ಉತ್ತರ ಕೊಡುತ್ತದೆ: ಲೋಕಾದಿತ್ಯನ ತಂದೆ ಬಂಕೆಯನು ತನ್ನ ಹೆಸರಿನಿಂದ ಆ ಪುರವನ್ನು ನಿರ್ಮಿಸಿದನು. ಶಕ 820, ಎಂದರೆ ಕ್ರಿ.ಶ. 898ರ ಈ ಸಾಕ್ಷ್ಯ ಬಂಕಾಪುರದ ಹೆಸರಿನ ಬಗೆಗೆ ಬೇರೆ ಊಹೆಗೆ ಎಡೆಗೊಡುವುದಿಲ್ಲ. ಸ್ಥಳನಾಮದ ಮೂಲವನ್ನು ಗ್ರಂಥಪ್ರಶಸ್ತಿಯೇ ಹೇಳುವ ಇಂತಹ ಭಾಗ್ಯ ವಿರಳ.

ಇನ್ನು ಹಳ್ಳಿಗಳ ಅಂಚೆಮನೆಗಳ ವಿಚಾರ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಲಾಖೆಯು ಹಳ್ಳಿಗಾಡಿನಲ್ಲಿ ಕಛೇರಿಯನ್ನು ತೆರೆಯುವಾಗ ಮೊದಲು ಪ್ರಾಯೋಗಿಕವಾಗಿ ತೆರೆದು, ಆದಾಯವು ವೆಚ್ಚಕ್ಕೆ ಸರಿಹೊಂದಿದರೆ ಮಾತ್ರ ಖಾಯಂ ಮಾಡುತ್ತಿತ್ತು. ಅನೇಕ ಕಡೆಗಳಲ್ಲಿ ಶಾಲೆಯ ಉಪಾಧ್ಯಾಯರೇ ಪೋಸ್ಟ್‌ಮಾಸ್ಟರು. ಸುತ್ತಣ ಗ್ರಾಮಗಳಿಗೆ ಪೇದೆಯು ಸರದಿಯಂತೆ ಹೋಗಿ ಕಾಗದಗಳನ್ನು ಹಂಚಿ ಬರುತ್ತಿದ್ದನು. ಆದ್ದರಿಂದ ಹಲವು ಗ್ರಾಮಗಳಿಗೆ ಒಂದೇ ಅಂಚೆಮನೆ. ಕನ್ನಡದ ವಿಳಾಸಗಳಲ್ಲಿ ಊರ ಹೆಸರಿನ ಕೆಳಗೆ ‘ಪೋ॥’ ಎಂದು ಬೇರೊಂದು ಊರ ಹೆಸರು ಬರುವುದು ಈ ಕಾರಣದಿಂದಲೇ. ವಿಳಾಸವನ್ನು ಸಂಕ್ಷೇಪಿಸಿ ಬರೆಯುವಾಗ ಮೊದಲನೆಯ ಹೆಸರು ಬಿದ್ದುಹೋಗಿ ‘ಪೋ॥’ ಊರು ಮಾತ್ರ ಉಳಿಯುತ್ತದೆ. ನಮ್ಮ ಸೂಚಿಗಳಲ್ಲಿ ‘ದೊರೆತ ಸ್ಥಳ’ವೆಂದು ಕಾಣುವ ಎಷ್ಟೋ ಹೆಸರುಗಳು ವಾಸ್ತವವಾಗಿ ಅಂಚೆಮನೆಯ ಹೆಸರುಗಳು. ಪ್ರತಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮನೆ ಎರಡು ಹರಿದಾರಿ ಆಚೆಯ ಮತ್ತೊಂದು ಹಳ್ಳಿಯಲ್ಲಿದ್ದಿರಬಹುದು. ಅಲ್ಲೊಂದು ಪಾಳುಬಸದಿ ಇದ್ದರೆ, ಅದಕ್ಕೂ ಪ್ರತಿಗೂ ಇದ್ದ ಸಂಬಂಧವೇ ಕಡಿದುಹೋಗುತ್ತದೆ.

ಶಾಸನಗಳ ರೀತಿ ಇದಕ್ಕಿಂತ ಭದ್ರವಾದುದು. ನಾಡು, ಕಂಪಣ, ಸೀಮೆ, ಸ್ಥಳ, ಗ್ರಾಮ ಎಂದು ಹಿರಿದರಿಂದ ಕಿರಿದಕ್ಕೆ ಇಳಿಯುತ್ತ ದಾನದ ಭೂಮಿಯ ಎಲ್ಲೆಗಳವರೆಗೂ ಅವು ಹೇಳುತ್ತವೆ. ಇಂದಿನ ವಿಳಾಸ ಕಿರಿದರಿಂದ ಹಿರಿದಕ್ಕೆ ಏರುತ್ತದೆ; ನಡುವೆ ಅಂಚೆಮನೆ ಸೇರಿಕೊಂಡಿದೆ.

ಒಂದೇ ಹೆಸರಿನ ಊರುಗಳು ಅನೇಕವಿರುವುದರಿಂದ ಭೇದಕ ಪದಗಳೂ ಬೆಳೆದಿವೆ. ಬಸವನ ಬಾಗೇವಾಡಿ, ಹಿರೇಬಾಗೇವಾಡಿ ಎಂಬಲ್ಲಿ ಭೇದಕವು ಅಚ್ಚಗನ್ನಡದ್ದೇ. ಗಡಿನಾಡಿನ ‘ಖುರ್ದ್’, ‘ಬುದ್ರುಕ್’ಗಳು ಕಂದಾಯದ ದಫ್ತರಗಳಿಂದ ಬಂದವು. ಶ್ರವಣಬೆಳಗೊಳದ ‘ಶ್ರವಣ’ವು ಹಳೇಬೆಳಗೊಳದಿಂದಲೂ ಶ್ರೀರಂಗಪಟ್ಟಣದ ಕಡೆಯ ಬೆಳಗೊಳದಿಂದಲೂ ಅದನ್ನು ಬೇರ್ಪಡಿಸುತ್ತದೆ. ಪ್ರಶಸ್ತಿಯಲ್ಲಿ ಬರಿಯ ‘ಬೆಳುಗುಳ’ವೆಂದಿದ್ದರೆ ಜೊತೆಗಿರುವ ಬಸದಿಯ ಹೆಸರನ್ನೋ ಗುರುಪರಂಪರೆಯನ್ನೋ ನೋಡದೆ ನಿರ್ಣಯಿಸಲಾಗದು. ಟಿ. ನರಸೀಪುರ, ಕೆ.ಆರ್. ಪೇಟೆ ಎಂಬ ಮೊಟಕು ರೂಪಗಳಂತೂ ತಿರುಮಕೂಡಲನ್ನು ಒಂದು ಇಂಗ್ಲಿಷ್ ಅಕ್ಷರಕ್ಕೂ, ಕೃಷ್ಣರಾಜನನ್ನು ಎರಡು ಅಕ್ಷರಗಳಿಗೂ ಇಳಿಸಿವೆ. ಕೆ.ಆರ್. ಪೇಟೆಯ ಹಿಂದೆ ಅತ್ತಿಕುಪ್ಪೆ ಎಂಬ ಇನ್ನೂ ಹಳೆಯ ಹೆಸರು ಅಡಗಿರುವುದನ್ನು ಅಲ್ಲಿಯ ಪ್ರತಿಗಳನ್ನು ಓದುವವರು ಮರೆಯಬಾರದು.

1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್ ಸಂಕೇತದಲ್ಲಿ ಕೊನೆಯ ಮೂರು ಅಂಕಿಗಳು ಬಟವಾಡೆಯ ಕಛೇರಿಯನ್ನು ಸೂಚಿಸುತ್ತವೆಯೇ ಹೊರತು ಗ್ರಾಮವನ್ನಲ್ಲ. 2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರ, ಕಲಬುರಗಿ ಮೊದಲಾದ ಹನ್ನೆರಡು ನಗರಗಳ ಇಂಗ್ಲಿಷ್ ರೂಪಗಳನ್ನು ಸರಕಾರ ತಿದ್ದಿತು. ಹಳೆಯ ಸೂಚಿಗಳನ್ನು ಹೊಸದಾಗಿ ಅಚ್ಚು ಮಾಡುವವರು ಈ ತಿದ್ದುಪಡಿಯನ್ನು ದಾಖಲೆಯ ಒಳಗೂ ನುಗ್ಗಿಸುತ್ತಿರುವುದು ಕಂಡುಬರುತ್ತದೆ. ಇದು ಸರಿಯಲ್ಲ. ಹಿಂದಿನ ಸೂಚೀಕಾರರು ಬರೆದುದನ್ನು ಇದ್ದಂತೆ ಉಳಿಸಿ, ಇಂದಿನ ಹೆಸರನ್ನು ಆವರಣದಲ್ಲಿ ಕೊಡತಕ್ಕದ್ದು. ಪಾಠಾಂತರಗಳ ವಿಷಯದಲ್ಲಿ ನಾವು ಪಾಲಿಸುವ ನಿಯಮವೇ ಇಲ್ಲಿಗೂ ಅನ್ವಯಿಸುತ್ತದೆ.

ಕಡೆಯದಾಗಿ ಒಂದು ಸೂಚನೆ. ಓಲೆಕಟ್ಟುಗಳ ನಡುವೆ ಗುರುತಿಗಾಗಿ ಇಟ್ಟ ಹಳೆಯ ಕಾರ್ಡುಗಳೂ, ಹೊದಿಕೆಯಾಗಿ ಸುತ್ತಿದ ಲಕೋಟೆಗಳೂ ಸಿಗುವುದುಂಟು. ಕಾಲಾಣೆಯ ಕಾರ್ಡು ನಮ್ಮ ದೇಶದಲ್ಲಿ ಬಳಕೆಗೆ ಬಂದುದು 1879ರ ಜುಲೈಯಲ್ಲಿ. ಅಂತಹ ಕಾರ್ಡೊಂದು ಕಟ್ಟಿನಲ್ಲಿದ್ದರೆ ಅದಕ್ಕೆ ಮುಂಚೆ ಅದನ್ನು ಅಲ್ಲಿ ಇಟ್ಟಿರಲಾರರು. ಮುದ್ರೆಯಲ್ಲಿರುವ ತೇದಿಯಿಂದ ಪ್ರತಿಯು ಯಾವಾಗ, ಯಾರ ಕೈಯಲ್ಲಿತ್ತೆಂಬುದು ಕೆಲವೊಮ್ಮೆ ತಿಳಿಯುತ್ತದೆ. ಕಟ್ಟನ್ನು ಶುಚಿಗೊಳಿಸುವಾಗ ಇವನ್ನು ಕಸವೆಂದು ಎಸೆಯದೆ, ಕಟ್ಟಿನ ಸಂಖ್ಯೆಯನ್ನೇ ಬರೆದು ಬೇರೊಂದು ಚೀಲದಲ್ಲಿ ಜೊತೆಗಿಡಬೇಕು. ಮೇಲೆ ಹೇಳಿದ ಕಟ್ಟಿನ ಲಕೋಟೆಯನ್ನು ನಾನು ಹಾಗೆಯೇ ಇರಿಸಿದ್ದೇನೆ. ಪಟ್ಟಿಯಲ್ಲಿ ಈಗ ಲಿಖಿತ ಸ್ಥಳ ವೇಣುಪುರ (ಮೂಡಬಿದಿರೆ), ದೊರೆತ ಸ್ಥಳ ಬೆಳಗಾವಿ ಎಂದಿದೆ.