ಮೀನಿನ ಕೊನೆಯ ಗಳಿಗೆಯೂ ಮಾಂಸದ ಗುಣವೂ

ಊರಿನ ಅಂಜಲನ್ನು ಮುಂಬಯಿಯ ಪೇಟೆಯಲ್ಲಿ ಸುರಮೈ ಎಂದು ಕೇಳಿ ಕೊಳ್ಳಲು ಕಲಿತ ನಮ್ಮ ಕರಾವಳಿಯ ಬಂಧುಗಳು ಮೀನನ್ನು ಪರೀಕ್ಷಿಸುವುದರಲ್ಲಿ ನಿಪುಣರು. ಕಿವಿರು ಎತ್ತಿ ನೋಡುತ್ತಾರೆ, ಕಣ್ಣಿನ ಹೊಳಪು ನೋಡುತ್ತಾರೆ, ಬೆರಳಿನಿಂದ ಮೈ ಒತ್ತುತ್ತಾರೆ. ಹಿಡಿದು ಎಷ್ಟು ಹೊತ್ತಾಯಿತೆಂದೂ ಕೇಳುತ್ತಾರೆ. ಆದರೆ ಆ ಮೀನು ಹೇಗೆ ಸತ್ತಿತೆಂದು ಕೇಳುವವರು ವಿರಳ. ಮಾಂಸ ಎಷ್ಟು ಕಾಲ ಚೆನ್ನಾಗಿರುತ್ತದೆಂಬುದು ಇದನ್ನೂ ಅವಲಂಬಿಸಿದೆ. ಅದು ಹೇಗೆಂದು ನೋಡೋಣ.

ಪ್ರಾಣ ಹೋದೊಡನೆ ಸ್ನಾಯುವಿನ ಕೆಲಸ ನಿಲ್ಲುವುದಿಲ್ಲ. ಸ್ನಾಯುವಿಗೆ ಶಕ್ತಿ ಒದಗಿಸುವ ವಸ್ತು ಎ.ಟಿ.ಪಿ.; 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಇದನ್ನು ಕಂಡುಹಿಡಿದರು. ಸ್ನಾಯುವಿನೊಳಗಿನ ಎರಡು ಬಗೆಯ ಎಳೆಗಳು ಒಂದನ್ನೊಂದು ಹಿಡಿದು, ಬಿಟ್ಟು, ಮತ್ತೆ ಹಿಡಿದು ಜಾರುತ್ತವೆ. ಹಿಡಿತ ಬಿಡಿಸಲು ಎ.ಟಿ.ಪಿ. ಬೇಕೇ ಬೇಕು. ಸತ್ತ ಮೇಲೆ ಆಮ್ಲಜನಕದ ಪೂರೈಕೆ ನಿಲ್ಲುತ್ತದೆ. ಆಗ ಸ್ನಾಯು ತಾನು ಕೂಡಿಟ್ಟ ಗ್ಲೈಕೋಜನನ್ನು ಒಡೆದು ಕೆಲಕಾಲ ಎ.ಟಿ.ಪಿ. ಮಾಡಿಕೊಳ್ಳುತ್ತದೆ, ಜತೆಗೆ ಲ್ಯಾಕ್ಟಿಕ್ ಆಮ್ಲವೂ ಹುಟ್ಟುತ್ತದೆ. ಈ ದಾಸ್ತಾನು ತೀರಿದಾಗ ಎಳೆಗಳ ಹಿಡಿತ ಬಿಡದು. ಮೀನು ಕೋಲಿನಂತೆ ಸೆಟೆದುಕೊಳ್ಳುತ್ತದೆ. ಮುಂದೆ ಸ್ನಾಯುವಿನದೇ ಕಿಣ್ವಗಳು ಅದನ್ನು ಸಡಿಲಿಸುತ್ತವೆ. ಅನಂತರ ಸೂಕ್ಷ್ಮಜೀವಿಗಳ ಹಾವಳಿ.

ಈಗ ಬಲೆಯಲ್ಲಿ ಬಹಳ ಹೊತ್ತು ಒದ್ದಾಡಿದ ಮೀನನ್ನು ಎಣಿಸಿಕೊಳ್ಳಿ. ಪ್ರಯಾಣಕ್ಕೆ ಹೊರಡುವ ಮೊದಲೇ ಬುತ್ತಿಯನ್ನು ಉಂಡು ಮುಗಿಸಿದವನಂತೆ, ಅದು ಗ್ಲೈಕೋಜನನ್ನು ಬದುಕಿರುವಾಗಲೇ ಖರ್ಚು ಮಾಡಿರುತ್ತದೆ. ನೆಮ್ಮದಿಯಿಂದಿದ್ದು ಒಮ್ಮೆಗೇ ಸತ್ತ ಸಾಲ್ಮನ್ ಮೀನು ಮಂಜುಗಡ್ಡೆಯಲ್ಲಿ ಸುಮಾರು ಒಂದು ದಿನದವರೆಗೂ ಸೆಟೆಯದೆ ಇರಬಲ್ಲುದು. ದಣಿದು ಸತ್ತದ್ದು ಕೆಲವೇ ಗಂಟೆಗಳಲ್ಲಿ ಸೆಟೆಯುತ್ತದೆ. ಬೇಗ ಸೆಟೆದದ್ದು ಬೇಗ ಮೆತ್ತಗಾಗುತ್ತದೆ. ಸೆಟೆದಿರುವಾಗ ಬಗ್ಗಿಸಿದರೆ ಮಾಂಸದ ಪದರಗಳು ಬಿರುಕು ಬಿಡುತ್ತವೆ. ಅಂಥ ತುಂಡಿಗೆ ಬೆಲೆ ಬಾರದು. ಆದುದರಿಂದಲೇ ಸಾಲ್ಮನ್ ಸಾಕಣೆಗೆ ಹೆಸರಾದ ನಾರ್ವೆಯಲ್ಲಿ ಮೀನನ್ನು ವಿದ್ಯುತ್ತಿನಿಂದಲೋ ತಲೆಗೆ ಏಟಿನಿಂದಲೋ ಮೊದಲು ಪ್ರಜ್ಞೆ ತಪ್ಪಿಸಿ ಕೊಲ್ಲುತ್ತಾರೆ.

ಟ್ಯೂನಾ ಮೀನಿನಲ್ಲಿ ಇನ್ನೊಂದು ತೊಡಕುಂಟು. ಅದರ ಮೈ ಸುತ್ತಲಿನ ನೀರಿಗಿಂತ ಬಿಸಿ. ಸೆಣಸಾಟದಲ್ಲಿ ಬಿಸಿಯೂ ಏರುತ್ತದೆ, ಆಮ್ಲವೂ ಏರುತ್ತದೆ. ಎರಡೂ ಕೂಡಿದಾಗ ಮಾಂಸದ ಪ್ರೋಟೀನು ಕೆಟ್ಟು, ಕೆಂಪು ಬಣ್ಣ ಮಂಕಾಗಿ, ತುಂಡು ನೀರು ಬಿಡುತ್ತದೆ. ಜಪಾನೀಯರು ಇದನ್ನು ‘ಯಾಕೆ’ ಎನ್ನುತ್ತಾರೆ. ನಮ್ಮ ಕಿವಿಗೆ ಪ್ರಶ್ನೆಯಂತೆ ಕೇಳಿಸುವ ಈ ಮಾತಿಗೆ ಅಲ್ಲಿ ‘ಸುಟ್ಟದ್ದು’ ಎಂದರ್ಥ.

ಇದಕ್ಕೆ ಅವರದೇ ಒಂದು ಉಪಾಯವುಂಟು, ಹೆಸರು ಇಕೆಜಿಮೆ. ಚೂಪಾದ ಸಲಾಕೆಯಿಂದ ಮಿದುಳನ್ನು ಒಮ್ಮೆಗೇ ನಾಶಮಾಡಿ, ರಕ್ತ ಹರಿಸಿ, ಬೆನ್ನುಹುರಿಯ ದಾರಿಯಲ್ಲಿ ತಂತಿ ತೂರಿಸುತ್ತಾರೆ. ಮಿದುಳು ಸತ್ತರೂ ಬೆನ್ನುಹುರಿ ಸ್ನಾಯುವನ್ನು ಅದುರಿಸಿ ಎ.ಟಿ.ಪಿ.ಯನ್ನು ವ್ಯಯಮಾಡುತ್ತಿರುತ್ತದೆ, ತಂತಿ ಅದನ್ನು ತಡೆಯುತ್ತದೆ. ಉಳಿದ ಎ.ಟಿ.ಪಿ. ಮೆಲ್ಲಗೆ ಒಡೆದು ಐನೋಸಿನಿಕ್ ಆಮ್ಲವಾಗುತ್ತದೆ. ಒಣಗಿಸಿದ ಬೊನಿಟೊ ಮೀನಿನ ರುಚಿಗೆ ಇದೇ ಕಾರಣವೆಂದು 1913ರಲ್ಲಿ ಶಿಂತಾರೊ ಕೊಡಾಮಾ ತೋರಿಸಿದರು.

ಬಲೆಗೆ ಬಿದ್ದ ಸಾವಿರಾರು ಬಂಗುಡೆಗಳಿಗೆ ಒಂದೊಂದಕ್ಕೂ ಹೀಗೆ ಮಾಡಲಾಗದು, ನಿಜ. ಆದರೆ ಬಲೆಯನ್ನು ಬೇಗ ಎತ್ತಬಹುದು, ಮೀನನ್ನು ಬಿಸಿಲಿನಲ್ಲಿ ರಾಶಿ ಹಾಕದೆ ಕೂಡಲೇ ಮಂಜುಗಡ್ಡೆಗೆ ಸೇರಿಸಬಹುದು. ಕೆರೆಯಲ್ಲಿ ಸಾಕಿದ ರೋಹು, ಕಾಟ್ಲಾಗಳನ್ನು ಅಟ್ಟಾಡಿಸದೆ ಹಿಡಿಯಬಹುದು. ಮಂಜುಗಡ್ಡೆ ಕೆಡುವುದನ್ನು ನಿಧಾನಿಸೀತೇ ಹೊರತು, ಒದ್ದಾಟದಲ್ಲಿ ಕಳೆದುದನ್ನು ಮರಳಿ ತಾರದು.

ನಮ್ಮ ವಾಚಕರಲ್ಲಿ ಮೀನು ತಿನ್ನದವರೂ ಅನೇಕರಿದ್ದಾರೆ. ಅವರಿಗೂ ಒಂದು ಮಾತು ಸಮಾಧಾನ ತಂದೀತು: ಇಲ್ಲಿ ಪ್ರಾಣಿಯ ಸಂಕಟ ತಗ್ಗಿಸುವುದೂ ಬೆಸ್ತರ ಲಾಭವೂ ಒಂದೇ ದಾರಿಯಲ್ಲಿವೆ. ತಿನ್ನುವವರು ಒಂದನ್ನು ನೆನಪಿಡಬೇಕು. ಸೆಟೆದ ಮೀನು ಹೊಸದೆಂಬುದು ಸಾಮಾನ್ಯವಾಗಿ ಸರಿ; ಆದರೆ ಮೆತ್ತಗಿರುವುದು ಈಗತಾನೆ ಸತ್ತದ್ದೂ ಆಗಿರಬಹುದು, ಹಳತೂ ಆಗಿರಬಹುದು. ಕಿವಿರು, ಕಣ್ಣು, ವಾಸನೆಗಳನ್ನು ನೋಡಿಯೇ ನಿಶ್ಚಯಿಸಬೇಕು. ಪರಿಚಯದ ಮೀನುಗಾರ್ತಿಯಾದರೆ, ಗಾಳದ್ದೋ ಬಲೆಯದ್ದೋ, ಬಲೆ ಎಷ್ಟು ಹೊತ್ತು ನೀರಿನಲ್ಲಿತ್ತೋ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.