ಮೊದಲು ಚೆಂಡು ಪುಟಿಯಲಿ

“ಸಾರ್, ಕಂಪ್ಯೂಟರ್ ಆಟ ಮಾಡೋದು ಕಲೀಬೇಕು, ಎಲ್ಲಿಂದ ಶುರು ಮಾಡ್ಲಿ?” ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ. ನನಗೂ ತಿಳಿಯದು. ಪ್ರೋಗ್ರಾಮಿಂಗ್ ಕುರಿತ ದಪ್ಪ ಪುಸ್ತಕವೊಂದನ್ನು ಕೊಟ್ಟೆ. ವಾರದೊಳಗೆ ಹಿಂತಿರುಗಿಸಿದ, ಮತ್ತೆ ಆ ಮಾತೆತ್ತಲಿಲ್ಲ. ತಪ್ಪು ನನ್ನದೇ.

1972ರಲ್ಲಿ ಅಮೆರಿಕದ ಅಟಾರಿ ಕಂಪನಿಗೆ ಹೊಸದಾಗಿ ಸೇರಿದ ಎಂಜಿನಿಯರ್ ಆಲನ್ ಅಲ್ಕಾರ್ನ್ ಅವರಿಗೆ ವಿಡಿಯೊ ಆಟಗಳ ಅನುಭವವಿರಲಿಲ್ಲ. ಕೈ ಪಳಗಲೆಂದು ಸಂಸ್ಥಾಪಕ ನೋಲನ್ ಬುಶ್ನೆಲ್ ಕೊಟ್ಟ ಕೆಲಸ ಇಷ್ಟೇ: ಒಂದು ಚೆಂಡು, ಎರಡು ಬ್ಯಾಟು, ಅಂಕ. ಅದೇ ಪ್ರಸಿದ್ಧ ‘ಪಾಂಗ್’ ಆಟವಾಯಿತು! ಅದರಲ್ಲಿದ್ದುದು ಪ್ರೋಗ್ರಾಮ್ ಅಲ್ಲ, ಸರ್ಕ್ಯೂಟ್‌ಗಳು; ಆದರೂ ಪಾಠ ಒಂದೇ. ಹೊಸಬರಿಗೆ ಬೇಕಾದದ್ದು ಮುಗಿಸಬಲ್ಲಷ್ಟು ಚಿಕ್ಕ ಕೆಲಸ.

ಅಮೆರಿಕದ ಎಂಐಟಿ 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ ಉಚಿತ. ಇದರಲ್ಲಿ ಆಜ್ಞೆಗಳನ್ನು ಇಟ್ಟಿಗೆಗಳಂತೆ ಜೋಡಿಸಿದರಾಯಿತು; ಬೇರೆಯವರು ಮಾಡಿದ ಆಟವನ್ನು ಬಿಚ್ಚಿ ನೋಡಲೂಬಹುದು. ಮೊದಲ ದಿನ ಚೆಂಡು ಚಲಿಸಲಿ. ಮರುದಿನ ಅಂಚಿಗೆ ತಾಗಿ ಪುಟಿಯಲಿ. ಆಮೇಲೆ ಬ್ಯಾಟು, ಅಂಕ. ಎಲ್ಲಾದರೂ ಸಿಕ್ಕಿಕೊಂಡರೆ ಬರಿದೇ “ಬರ್ತಿಲ್ಲ” ಎನ್ನಬೇಡಿ. ಏನಾಗಬೇಕಿತ್ತು, ಏನಾಯಿತು ಎಂದು ಬರೆದುಕೊಂಡು ಬಲ್ಲವರನ್ನು ಕೇಳಿ. ಎಷ್ಟೋ ಸಲ ಬರೆಯುವಾಗಲೇ ಉತ್ತರ ಹೊಳೆಯುತ್ತದೆ.

ಪೋಷಕರೇ, ನಿಮಗೆ ಕಂಪ್ಯೂಟರ್ ಬಾರದಿದ್ದರೂ ಚಿಂತೆಯಿಲ್ಲ. “ಇವತ್ತು ನಿನ್ನ ಚೆಂಡು ಏನು ಮಾಡ್ತು?” ಎಂದು ಸಂಜೆ ಕೇಳಿ. ಆ ಹುಡುಗನನ್ನು ನಾನೂ ಹಾಗೆ ಕೇಳಬೇಕಿತ್ತು.