ಆಟಗಾರ್ತಿಯರ ಮೊಣಕಾಲಿನ ಗಾಯವೂ ಅದರ ನಿವಾರಣೆಯೂ

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಎಣಿಸಿರುವ ೧೦೭ ಮರ್ಮಗಳ ಪೈಕಿ ಜಾನುಮರ್ಮವೆಂಬುದು ಒಂದು. ತೊಡೆಯೂ ಜಂಘೆಯೂ ಕೂಡುವ ಸಂಧಿಯಲ್ಲಿ ಅದರ ಸ್ಥಾನ. ಅಲ್ಲಿ ಪೆಟ್ಟಾದರೆ ಪ್ರಾಣ ಹೋಗದು, ಕುಂಟುತನ ಉಳಿಯುವುದೆಂದು ಹೇಳಿ ಆಚಾರ್ಯನು ಅದನ್ನು ವೈಕಲ್ಯಕರಮರ್ಮಗಳ ಗುಂಪಿಗೆ ಸೇರಿಸಿದ್ದಾನೆ. ಬಾಣ ಖಡ್ಗಾದಿಗಳ ಆಘಾತವು ಪ್ರಾಯಶಃ ಅವನ ಮನಸ್ಸಿನಲ್ಲಿದ್ದಿರಬೇಕು. ಇಂದಾದರೋ ಆ ಸಂಧಿಯು ಆಯುಧ ಸೋಕದೆ, ಎದುರಾಳಿಯ ಮೈ ಕೂಡ ತಗುಲದೆ, ಆಟದ ಬಯಲಿನಲ್ಲಿ ಒಂದು ನೆಗೆತ ಇಳಿಯುವಷ್ಟರಲ್ಲಿ ಕೆಟ್ಟುಹೋಗುವುದುಂಟು. ಹೀಗೆ ಪೀಡಿತರಾಗುವವರಲ್ಲಿ ಸ್ತ್ರೀಯರ ಪಾಲು ವಿಶೇಷವಾದುದು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮೊದಲಾದ, ಪುರುಷರೂ ಸ್ತ್ರೀಯರೂ ಒಂದೇ ನಿಯಮದಿಂದ ಆಡುವ ಆಟಗಳಲ್ಲಿ ಮೊಣಕಾಲಿನೊಳಗಿನ ಒಂದು ಮುಖ್ಯವಾದ ಕಟ್ಟು ಹರಿಯುವುದು ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚೆಂದು ವೈದ್ಯರು ಬಹುಕಾಲದಿಂದ ಲೆಕ್ಕವಿಟ್ಟು ತಿಳಿದಿದ್ದಾರೆ.

೨೦೨೩ರಲ್ಲಿ ಆಸ್ಟ್ರೇಲಿಯ ನ್ಯೂಜಿಲೆಂಡ್‌ಗಳಲ್ಲಿ ನಡೆದ ಸ್ತ್ರೀಯರ ವಿಶ್ವ ಫುಟ್‌ಬಾಲ್ ಪಂದ್ಯಗಳಿಗೆ ಇಂಗ್ಲೆಂಡಿನ ಬೆತ್ ಮೀಡ್, ಲಿಯಾ ವಿಲಿಯಮ್ಸನ್, ಹಾಲೆಂಡಿನ ವಿವಿಯಾನ್ ಮೀಡೆಮಾ ಇವರು ಇದೇ ಗಾಯದ ದೆಸೆಯಿಂದ ಬರಲಾಗಲಿಲ್ಲ. ಸ್ಪೇನಿನ ಅಲೆಕ್ಸಿಯಾ ಪುಟೆಯಾಸ್ ಎಂಬವಳು ೨೦೨೨ರ ಜುಲೈ ತಿಂಗಳಲ್ಲಿ, ಯೂರೋಪಿನ ಪಂದ್ಯಗಳು ಆರಂಭವಾಗುವ ಮುನ್ನಾದಿನ, ಅಭ್ಯಾಸಮಾಡುತ್ತಿದ್ದಾಗಲೇ ಗಾಯಗೊಂಡಳು. ನಮ್ಮ ದೇಶದ ಕುಸ್ತಿಪಟು ವಿನೇಶ್ ಫೋಗಟ್ ೨೦೧೬ರಲ್ಲಿ ರಿಯೋ ಒಲಿಂಪಿಕ್ಸಿನ ಕಣದಿಂದ ಮೊಣಕಾಲು ಕೆಟ್ಟು ಡೋಲಿಯ ಮೇಲೆ ಹೊರಬಂದುದನ್ನು ಲಕ್ಷಾಂತರ ಜನ ನೋಡಿದರು. ಆಕೆ ೨೦೧೮ರಲ್ಲಿ ಜಕಾರ್ತದ ಏಷ್ಯಾ ಕ್ರೀಡೆಗಳಲ್ಲಿ ಚಿನ್ನದ ಪದಕವನ್ನು ಪಡೆದಳಾದರೂ, ೨೦೨೩ರಲ್ಲಿ ಪುನಃ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಇವರೆಲ್ಲರಿಗೂ ನುರಿತ ವೈದ್ಯರ ನೆರವಿತ್ತು, ಧನಬಲವಿತ್ತು. ತಾಲ್ಲೂಕಿನ ಪ್ರೌಢಶಾಲೆಯ ಬಯಲಿನಲ್ಲಿ ಕಬಡ್ಡಿ, ಖೋ ಖೋ ಆಡುವ ಹದಿನಾಲ್ಕು ಹದಿನೈದು ವರ್ಷದ ಹುಡುಗಿಗೆ ಇವೆರಡೂ ದುರ್ಲಭ. ಅಂಥವಳಿಗೆ ಗಾಯವಾಗದಂತೆ ನೋಡಿಕೊಳ್ಳುವುದೇ ಮುಖ್ಯವಾದ ಚಿಕಿತ್ಸೆ. ಅದು ಬಹುಮಟ್ಟಿಗೆ ಸಾಧ್ಯವೆಂಬುದನ್ನು ತೋರಿಸುವುದು ಇಲ್ಲಿನ ಉದ್ದೇಶ.

ಅದಕ್ಕೆ ಮೊದಲು ಒಂದು ಪದದ ವಿಚಾರವನ್ನು ಇತ್ಯರ್ಥಮಾಡಿಕೊಳ್ಳುವುದು ಅವಶ್ಯಕ. ಇದು ಬರಿಯ ಶಬ್ದಚರ್ಚೆಯೆಂದು ವಾಚಕರು ಪುಟವನ್ನು ತಿರುವಬಾರದು. ಈ ಗೊಂದಲದಿಂದ ಕಾಲುಗಳೇ ಕೆಡುವ ಸಂಭವವಿದೆ. ಸುಶ್ರುತನು 'ಸ್ನಾಯು'ವೆನ್ನುವುದು ಸಂಧಿಗಳನ್ನು ಬಿಗಿದಿರುವ ಕಟ್ಟುಗಳನ್ನು. ಹಲಗೆಗಳನ್ನು ಕಟ್ಟುಗಳಿಂದ ಬಿಗಿದು ಮಾಡಿದ ದೋಣಿಯು ನೀರಿನಲ್ಲಿ ಭಾರವನ್ನು ಹೊರುವಂತೆ ಸ್ನಾಯುಗಳಿಂದ ಬಿಗಿದ ದೇಹವು ಭಾರವನ್ನು ಹೊರುತ್ತದೆಂದು ಅವನ ದೃಷ್ಟಾಂತ. ಎಲುಬು, ಪೇಶಿ, ಸಿರೆಗಳು ಕೆಟ್ಟರೆ ಆಗುವುದಕ್ಕಿಂತ ಸ್ನಾಯು ಕೆಟ್ಟರೆ ಆಗುವ ಹಾನಿ ಹೆಚ್ಚೆಂದೂ ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಮಾಂಸದ ತುಂಡುಗಳಿಗೆ ಅವನ ಹೆಸರು ಪೇಶಿ. ಇಂದಿನ ಕನ್ನಡದಲ್ಲಾದರೋ ಪಾಠಪುಸ್ತಕದಿಂದ ವೃತ್ತಪತ್ರಿಕೆಯವರೆಗೆ ಸ್ನಾಯುವೆಂದರೆ ಮಾಂಸಪೇಶಿ ಎಂದೇ ರೂಢಿಯಾಗಿದೆ. ಸಂಧಿಯ ಕಟ್ಟಿಗೆ ಅಸ್ಥಿರಜ್ಜುವೆಂದು ಬೇರೆ ಹೆಸರಿಟ್ಟಿದ್ದಾರೆ. ಆದರೆ ಬಾಯಿಮಾತಿನಲ್ಲಿ ಎರಡಕ್ಕೂ 'ಸ್ನಾಯು ಹರಿದಿದೆ', 'ನರ ಉಳುಕಿದೆ' ಎನ್ನುವುದೇ ಬಳಕೆ. ಪೇಶಿಯ ಸಣ್ಣ ಹರಿತವು ರಕ್ತಸಂಚಾರ ಸಮೃದ್ಧವಾಗಿರುವುದರಿಂದ ಕೆಲವು ವಾರಗಳಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಮೊಣಕಾಲಿನ ಒಳಗಟ್ಟು ಪೂರ್ತಿಯಾಗಿ ಕಡಿದರೆ ಮೊದಲಿನಂತೆ ಕೂಡುವುದು ಅಪರೂಪ. ಎರಡಕ್ಕೂ ಒಂದೇ ಹೆಸರಾದರೆ, ಮೂರು ವಾರ ಮನೆಯಲ್ಲಿದ್ದು ಊತ ಇಳಿದ ಹುಡುಗಿಯನ್ನು ಮತ್ತೆ ಕಣಕ್ಕಿಳಿಸುವುದು ಸಹಜವೇ ಆಗುತ್ತದೆ. ಬೇರೂರಿದ ರೂಢಿಯನ್ನು ಹಿಂದಕ್ಕೆ ತಿರುಗಿಸುವುದು ಅಶಕ್ಯ; ಆದುದರಿಂದ ಮುಂದೆ ಮಾಂಸಕ್ಕೆ ಪೇಶಿಯೆಂದೂ ಕಟ್ಟಿಗೆ ರಜ್ಜುವೆಂದೂ ಹೇಳಿ, ಸ್ನಾಯುಶಬ್ದವನ್ನೇ ಬಿಟ್ಟಿದೆ.

ತೊಡೆಯೆಲುಬಿನ ಉಬ್ಬಿದ ತುದಿಯು ಜಂಘೆಯ ಎಲುಬಿನ ಹೆಚ್ಚು ಕಡಿಮೆ ಚಪ್ಪಟೆಯಾದ ತಲೆಯ ಮೇಲೆ ಕುಳಿತಿರುವುದೇ ಮೊಣಕಾಲಿನ ರಚನೆ. ಸೊಂಟದ ಕೀಲಿನಲ್ಲಿ ಗುಂಡು ಬಟ್ಟಲಿನೊಳಗೆ ಕುಳಿತಂತೆ ಇಲ್ಲಿ ಭದ್ರವಾದ ಕೂಟವಿಲ್ಲ. ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಎರಡು ಪಕ್ಕಗಳಲ್ಲಿ ಒಂದೊಂದು ರಜ್ಜು. ಒಳಗೆ ಒಂದನ್ನೊಂದು ಅಡ್ಡಹಾಯ್ದ ಇನ್ನೆರಡು ರಜ್ಜುಗಳು. ಅಡ್ಡಹಾಯ್ದುವುಗಳಲ್ಲಿ ಮುಂದಿನದನ್ನು ವೈದ್ಯರು ಎ.ಸಿ.ಎಲ್. ಎಂದು ಕರೆಯುತ್ತಾರೆ. ಅಡ್ಡಡ್ಡವಾಗಿ ಸುತ್ತುವ ಪಟ್ಟಿಗೆ ಸುಶ್ರುತನು ಸ್ವಸ್ತಿಕಬಂಧವೆಂದಿರುವುದರಿಂದ ಇದನ್ನು ಸ್ವಸ್ತಿಕರಜ್ಜುವೆನ್ನುವುದು ಒಪ್ಪೀತು. ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದವಾದ ಈ ರಜ್ಜುವು ಜಂಘೆಯ ಎಲುಬು ಮುಂದಕ್ಕೆ ಜಾರದಂತೆಯೂ ಮಿತಿಮೀರಿ ತಿರುಚದಂತೆಯೂ ಹಿಡಿದಿರುತ್ತದೆ. ಓಟದಲ್ಲಿ ಥಟ್ಟನೆ ನಿಂತಾಗ, ಪಾದ ನೆಲದಲ್ಲಿ ಊರಿರುವಂತೆಯೇ ಮೈ ತಿರುಗಿಸಿದಾಗ, ನೆಗೆದು ಒಂಟಿಕಾಲಿನ ಮೇಲೆ ಇಳಿದಾಗ ಅದರ ಮೇಲೆ ಬೀಳುವ ಸೆಳೆತ ಅತಿಯಾಗುತ್ತದೆ. ಎದುರಾಳಿಯು ಕಣಕಾಲನ್ನು ಹಿಡಿದಿರುವಾಗ ಗೆರೆಯತ್ತ ಮೈತಿರುಚಿ ಎಳೆಯುವ ಕಬಡ್ಡಿಯ ದಾಳಿಗಾರ್ತಿಗೂ, ಕಂಬವನ್ನು ಹಿಡಿದು ಗಿರ್ರನೆ ತಿರುಗುವ ಖೋ ಖೋ ಆಟದವಳಿಗೂ ಈ ಸನ್ನಿವೇಶ ನಿಮಿಷ ನಿಮಿಷಕ್ಕೂ ಒದಗುವುದಷ್ಟೆ.

ರಜ್ಜು ಕಡಿದಾಗ ಒಳಗೆ 'ಟಪ್' ಎಂದ ಅನುಭವವಾಗುವುದುಂಟು. ಕೆಲವು ಗಂಟೆಗಳೊಳಗೆ ಮೊಣಕಾಲು ಬಾತುಕೊಳ್ಳುತ್ತದೆ. ಆಮೇಲೆ ನಡೆಯುವಾಗ, ಮೆಟ್ಟಲಿಳಿಯುವಾಗ ಕಾಲು ಸಡಿಲಿ ಕುಸಿದಂತಾಗುತ್ತದೆ. ಇಂಥ ಸಂದರ್ಭದಲ್ಲಿ ಎಕ್ಸ್‌ರೇ ತೆಗೆಸಿ, ಎಲುಬು ಮುರಿದಿಲ್ಲವೆಂದು ಕೇಳಿ ಮನೆಯವರು ಸಮಾಧಾನಪಡುತ್ತಾರೆ. ಎಕ್ಸ್‌ರೇಯಲ್ಲಿ ಎಲುಬು ಕಾಣುವುದೇ ಹೊರತು ರಜ್ಜು ಕಾಣುವುದಿಲ್ಲ. ನುರಿತ ವೈದ್ಯನು ಕೈಯಿಂದಲೇ ಜಂಘೆಯನ್ನು ಮುಂದಕ್ಕೆಳೆದು ಪರೀಕ್ಷಿಸಬಲ್ಲನು, ಸಂದೇಹವಿದ್ದಲ್ಲಿ ಎಂ.ಆರ್.ಐ. ಚಿತ್ರದಿಂದ ನಿಶ್ಚಯವಾಗುತ್ತದೆ. ಬಾತ ಮೊಣಕಾಲಿಗೆ ಬಿಸಿಯೆಣ್ಣೆ ಹಚ್ಚಿ ಬಲವಾಗಿ ನೀವಿಸುವುದು ಮೊದಲ ದಿನಗಳಲ್ಲಿ ಊತವನ್ನು ಹೆಚ್ಚಿಸುವ ಕೆಲಸ. ಕಡಿದ ರಜ್ಜುವಿನಿಂದಲೇ ಆಟವನ್ನು ಮುಂದುವರಿಸಿದರೆ ಪ್ರತಿಸಲ ಕಾಲು ಕುಸಿದಾಗಲೂ ಒಳಗಿನ ಮೆತ್ತೆಗಳು ಜಜ್ಜಿಹೋಗುವ ಭಯವಿದೆ. ಪರಿಣಾಮವು ಆಟದ ಕಾಲಕ್ಕೆ ಮುಗಿಯತಕ್ಕುದಲ್ಲ. ಹನ್ನೆರಡು ವರ್ಷಗಳ ಹಿಂದೆ ಹೀಗೆ ಗಾಯಗೊಂಡಿದ್ದ ೬೭ ಮಂದಿ ಫುಟ್‌ಬಾಲ್ ಆಟಗಾರ್ತಿಯರ ಮೊಣಕಾಲುಗಳ ಎಕ್ಸ್‌ರೇಗಳನ್ನು ಸ್ವೀಡನ್ ದೇಶದ ವೈದ್ಯರು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದರು. ಅವರಲ್ಲಿ ೩೪ ಮಂದಿಗೆ ಮುದುಕರಿಗೆ ಬರುವಂಥ ಸಂಧಿಸವೆತ ಆಗಲೇ ಬಂದಿತ್ತು. ಅವರ ವಯಸ್ಸು ಸರಾಸರಿ ೩೧!

ಸ್ತ್ರೀಯರಿಗೆ ಇದು ಹೆಚ್ಚೇಕೆ? ಪೇಶಿಗಳ ಸಂಖ್ಯೆಯಲ್ಲಿ ಸ್ತ್ರೀಪುರುಷರಿಗೆ ಭೇದವನ್ನು ಹೇಳಿದ ಸುಶ್ರುತನು ಆ ಭೇದವನ್ನು ಸ್ತನ, ಗರ್ಭಾಂಗಗಳಿಗೆ ಸೀಮಿತಗೊಳಿಸಿದ್ದಾನೆ. ಮೊಣಕಾಲಿಗೆ ಏನನ್ನೂ ಹೇಳಿಲ್ಲ. ಆಧುನಿಕರಲ್ಲಿ ಕೆಲವರು ಕಟಿಯ ಅಗಲವನ್ನೂ, ಕೆಲವರು ರಜ್ಜು ಹಾಯ್ದುಹೋಗುವ ಎಲುಬಿನ ಸಂದಿನ ಇಕ್ಕಟ್ಟನ್ನೂ, ಮತ್ತೆ ಕೆಲವರು ಋತುಚಕ್ರದಲ್ಲಿ ಏರಿಳಿಯುವ ರಸಗಳನ್ನೂ ಕಾರಣವೆಂದಿದ್ದಾರೆ. ಇವು ಯಾವುವೂ ನಿರ್ಣೀತವಾಗಿಲ್ಲ. ನಿರ್ಣೀತವಾದರೂ ಎಲುಬಿನ ಆಕಾರವನ್ನು ಯಾರೂ ಬದಲಾಯಿಸಲಾರರು. ಪ್ರಯೋಜನಕ್ಕೆ ಬರುವ ಕಾರಣ ಬೇರೊಂದಿದೆ. ಚಿಕ್ಕ ಹುಡುಗರೂ ಹುಡುಗಿಯರೂ ನೆಗೆದಿಳಿಯುವ ರೀತಿಯಲ್ಲಿ ಹೆಚ್ಚು ಭೇದವಿಲ್ಲ. ಪ್ರಾಯ ಬಂದಮೇಲೆ ಹುಡುಗರಿಗೆ ಎತ್ತರದೊಡನೆ ಪೇಶಿಗಳ ಬಲವೂ ಬೆಳೆಯುತ್ತದೆ. ಹುಡುಗಿಯರಿಗೆ ಎತ್ತರ ತೂಕಗಳು ಬೆಳೆದಷ್ಟು ಬಲ ತಾನಾಗಿ ಬೆಳೆಯುವುದಿಲ್ಲ. ಆದಕಾರಣ ಅನೇಕ ಹುಡುಗಿಯರು ಮೊಣಕಾಲನ್ನು ಮಡಿಸದೆ ನೆಟ್ಟಗೆ ಇಳಿಯುತ್ತಾರೆ. ಇಳಿದೊಡನೆ ಮೊಣಕಾಲುಗಳು ಒಳಗಡೆಗೆ ಒಂದರತ್ತೊಂದು ಬಾಗುತ್ತವೆ. ತೊಡೆಯ ಮುಂದಿನ ಪೇಶಿ ಬಲವಾಗಿ ಎಳೆದು, ಅದನ್ನು ತಡೆಯಬೇಕಾದ ಹಿಂದಿನ ಪೇಶಿ ಹಿಂದುಳಿಯುತ್ತದೆ. ೨೦೦೫ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರಿಶೋಧನೆಯಲ್ಲಿ ೨೦೫ ಮಂದಿ ಆಟಗಾರ್ತಿಯರು ನೆಗೆದಿಳಿಯುವುದನ್ನು ಮೊದಲೇ ಅಳೆದಿಟ್ಟಿದ್ದರು. ಅನಂತರ ರಜ್ಜು ಕಡಿದುಕೊಂಡ ೯ ಮಂದಿಯಲ್ಲಿ ಈ ಒಳಬಾಗು ಮಿಕ್ಕವರಿಗಿಂತ ೮ ಡಿಗ್ರಿಯಷ್ಟು ಹೆಚ್ಚಾಗಿದ್ದಿತು. ಆದರೆ ನಾರ್ವೆ ದೇಶದಲ್ಲಿ ಮುಂದೆ ನಡೆದ ಹೆಚ್ಚು ವಿಸ್ತಾರವಾದ ಪರಿಶೋಧನೆಯಲ್ಲಿ ಇಂಥವಳಿಗೆ ಗಾಯವಾದೀತೆಂದು ಈ ಅಳತೆಯಿಂದ ಮುಂದಾಗಿ ಹೇಳುವುದು ಸಾಧ್ಯವಾಗಲಿಲ್ಲ. ಒಬ್ಬೊಬ್ಬಳನ್ನು ಆರಿಸಿ ಎಚ್ಚರಿಸುವುದಕ್ಕಿಂತ ಎಲ್ಲರಿಗೂ ಅಭ್ಯಾಸಮಾಡಿಸುವುದೇ ಲೇಸೆಂದು ಇದರಿಂದ ಏರ್ಪಡುತ್ತದೆ.

ಆ ಅಭ್ಯಾಸದ ಫಲವನ್ನು ಎರಡು ದೊಡ್ಡ ಪರೀಕ್ಷೆಗಳು ತೋರಿಸಿವೆ. ನಾರ್ವೆಯಲ್ಲಿ ೧೩ರಿಂದ ೧೭ ವರ್ಷದ ೧,೮೯೨ ಹುಡುಗಿಯರನ್ನು ಅವರವರ ಸಂಘಗಳಿಗನುಸಾರವಾಗಿ ಎರಡು ಭಾಗ ಮಾಡಿ, ಒಂದು ಭಾಗದವರಿಗೆ ಆಟಕ್ಕೆ ಮೊದಲು ಕ್ಲುಪ್ತವಾದ ವ್ಯಾಯಾಮವನ್ನು ಮಾಡಿಸಿದರು. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರಲ್ಲಿ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದು ಪಾಲೂ, ತೀವ್ರವಾದ ಗಾಯಗಳು ಸುಮಾರು ಅರ್ಧವೂ ಕಡಿಮೆಯಾದುವು. ಕಾಲಿನ ಗಾಯಗಳನ್ನಷ್ಟೇ ಬೇರೆಯಾಗಿ ಲೆಕ್ಕಹಾಕಿದಾಗ ವ್ಯತ್ಯಾಸವು ನಿಸ್ಸಂದೇಹವೆನ್ನುವಷ್ಟು ಇರಲಿಲ್ಲವೆಂಬುದನ್ನೂ ಹೇಳಬೇಕು. ಆ ಸಂದೇಹವನ್ನು ಸ್ವೀಡನ್ನಿನ ಪರೀಕ್ಷೆ ಬಹುಮಟ್ಟಿಗೆ ಕಳೆಯಿತು. ಅಲ್ಲಿ ೨೩೦ ಸಂಘಗಳ ೪,೫೬೪ ಹುಡುಗಿಯರು ಸೇರಿದ್ದರು; ವಾರಕ್ಕೆರಡು ಸಲ, ಒಂದೊಂದು ಸಲ ಹದಿನೈದು ನಿಮಿಷ, ಇಷ್ಟೇ ನಿಯಮ. ಸ್ವಸ್ತಿಕರಜ್ಜುವಿನ ಗಾಯವು ನೂರಕ್ಕೆ ೬೪ರಷ್ಟು ಕಡಿಮೆಯಾಯಿತೆಂದು ೨೦೧೨ರಲ್ಲಿ ಪ್ರಕಟಿಸಿದರು. ಕ್ರಮ ತಪ್ಪದೆ ಮಾಡಿದವರಿಗೆ ಫಲ ಇನ್ನೂ ಹೆಚ್ಚು.

ನಾರ್ವೆಯಲ್ಲಿ ಪರೀಕ್ಷಿಸಿದ ಕ್ರಮಕ್ಕೆ 'ಫಿಫಾ ೧೧+' ಎಂಬ ಹೆಸರಿದೆ. ಮೊದಲು ೮ ನಿಮಿಷ ಮೆಲ್ಲಗೆ ಓಟ. ಓಡುತ್ತಲೇ ತೊಡೆಯನ್ನು ಹೊರಕ್ಕೂ ಒಳಕ್ಕೂ ತಿರುಗಿಸುವುದು, ಜೊತೆಗಾರ್ತಿಯನ್ನು ಬಳಸಿ ಬರುವುದು. ಅನಂತರ ೧೦ ನಿಮಿಷ ಬಲ, ಸಮತೋಲನ, ನೆಗೆತಗಳ ಅಭ್ಯಾಸ: ಮುಂಗೈಗಳ ಮೇಲೂ ಕಾಲ್ಬೆರಳುಗಳ ಮೇಲೂ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು, ಮಂಡಿಯೂರಿ ಕುಳಿತವಳ ಹಿಮ್ಮಡಿಗಳನ್ನು ಜೊತೆಗಾರ್ತಿ ಒತ್ತಿಹಿಡಿದಿರಲು ಆಕೆ ಮೈಯನ್ನು ನೆಟ್ಟಗಿಟ್ಟುಕೊಂಡು ನಿಧಾನವಾಗಿ ಮುಂದಕ್ಕೆ ಬಾಗುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಬೈಠಕ್ಕು, ಮೇಲಕ್ಕೂ ಪಕ್ಕಕ್ಕೂ ನೆಗೆದು ಸದ್ದಾಗದಂತೆ ಇಳಿಯುವುದು. ಕಡೆಗೆ ೨ ನಿಮಿಷ ಬಿರುಸಾದ ಓಟ. ಒಂದು ಚೆಂಡಿನ ಹೊರತು ಯಾವ ಸಲಕರಣೆಯೂ ಬೇಡ. ಮಂಡಿಯೂರಿ ಮುಂದಕ್ಕೆ ಬಾಗುವ ವ್ಯಾಯಾಮವು ತೊಡೆಯ ಹಿಂದಿನ ಪೇಶಿಗೆ ವಿಶೇಷ ಬಲವನ್ನು ಕೊಡುತ್ತದೆ; ಮೊದಲ ವಾರಗಳಲ್ಲಿ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಮಾಡಿಸಕೂಡದು, ನೋವು ಬಂದು ಹುಡುಗಿಯರು ಬಿಟ್ಟುಬಿಡುತ್ತಾರೆ. ಶಿಕ್ಷಕನು ಕಣ್ಣಿಟ್ಟು ನೋಡಬೇಕಾದುದು ಒಂದೇ. ಇಳಿಯುವಾಗ ಮೊಣಕಾಲು ಮಡಿಸಿರಬೇಕು. ಮುಂದೆ ನಿಂತು ನೋಡಿದರೆ ಸೊಂಟ, ಮೊಣಕಾಲು, ಪಾದ ಮೂರೂ ಒಂದೇ ಗೆರೆಯಲ್ಲಿರಬೇಕು. ಇದನ್ನು ತಿದ್ದದೆ ಎಣಿಕೆಯನ್ನಷ್ಟೇ ಮುಗಿಸುವ ವ್ಯಾಯಾಮ ವ್ಯರ್ಥ. ಹುಡುಗಿಯರನ್ನು ತರಗತಿಯಿಂದ ಎಬ್ಬಿಸಿ ನೇರವಾಗಿ ಕಣಕ್ಕಿಳಿಸುವ ಶಾಲೆಗಳು ಈ ಇಪ್ಪತ್ತು ನಿಮಿಷಗಳನ್ನು ಆಟದ ಹೊತ್ತಿನಿಂದ ಕಳೆದುಹೋದುದೆಂದು ಎಣಿಸಕೂಡದು.

ಗಾಯವಾದಮೇಲೆ ಮರಳಿ ಆಡುವ ಕಾಲದ ವಿಷಯದಲ್ಲಿಯೂ ಅವಸರ ಸಲ್ಲದು. ಸಾಮಾನ್ಯವಾಗಿ ತೊಡೆಯ ಹಿಂದಣ ಅಥವಾ ಮೊಣಚಿಪ್ಪಿನ ಕೆಳಗಿನ ಕಂಡರದಿಂದ ಒಂದು ಎಳೆಯನ್ನು ತೆಗೆದು ಹೊಸ ರಜ್ಜುವನ್ನು ಕಟ್ಟುತ್ತಾರೆ. ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ತಿಂಗಳಾಗುವವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮರುಗಾಯದ ಸಂಭವ ಸುಮಾರು ಅರ್ಧದಷ್ಟು ಇಳಿಯುವುದೆಂದು ೨೦೧೬ರಲ್ಲಿ ನಾರ್ವೆಯವರು ತೋರಿಸಿದ್ದಾರೆ. ತಿಂಗಳುಗಳು ಕಳೆದರೆ ಸಾಲದು. ಗಾಯಗೊಂಡ ಕಾಲಿನ ಬಲವು ಇನ್ನೊಂದು ಕಾಲಿಗೆ ಸಮಸಮವಾಗಿ ಬಂದಿರಬೇಕು.

ಹಿಮ್ಮಡಿಯ ಗಂಟು ಹೊರಳಿ ಉಳುಕುವುದು ಮೊಣಕಾಲಿನ ಗಾಯಕ್ಕಿಂತ ಎಷ್ಟೋ ಹೆಚ್ಚು ಸಾಮಾನ್ಯ. ಒಮ್ಮೆ ಉಳುಕಿದ ಗಂಟು ಮತ್ತೆ ಉಳುಕುವುದೇ ವಾಡಿಕೆಯಾದುದರಿಂದ, ಒಂಟಿಕಾಲಿನ ಸಮತೋಲನದ ಅಭ್ಯಾಸವನ್ನು ಅಂಥವರು ಬಿಡಬಾರದು. ಕೆಲವು ತಿಂಗಳು ಕಟ್ಟುಪಟ್ಟಿಯನ್ನು ಧರಿಸುವುದೂ ಹಿತ. ಮೊಣಚಿಪ್ಪಿನ ಸುತ್ತ ಬರುವ ನೋವಿಗೆ ಸೊಂಟದ ಮತ್ತು ತೊಡೆಯ ಪೇಶಿಗಳನ್ನು ಬಲಪಡಿಸುವುದೇ ಮದ್ದು.

ಬೇರೆ ಜಾತಿಯ ಗಾಯವೊಂದು ಉಳಿದಿದೆ. ಇದನ್ನು ಯಾವ ನೆಗೆತದ ಅಭ್ಯಾಸವೂ ತಡೆಯಲಾರದು. ದೂರ ಓಡುವವರ ಜಂಘೆಯ ಎಲುಬಿನಲ್ಲೋ ಪಾದದ ಎಲುಬಿನಲ್ಲೋ ಪೆಟ್ಟಿಲ್ಲದೆಯೇ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಮೊದಲು ಓಡುವಾಗ ಮಾತ್ರ ನೋವು, ಆಮೇಲೆ ನಡೆಯುವಾಗಲೂ ನೋವು. ಒಂದೇ ಕಡೆ ಬೆರಳಿನಿಂದ ಒತ್ತಿದರೆ ಸಹಿಸಲಾಗದು. ಅಭ್ಯಾಸವನ್ನು ಥಟ್ಟನೆ ಹೆಚ್ಚಿಸುವುದು ಇದಕ್ಕೆ ಒಂದು ಕಾರಣ. ಶ್ವಾಸವು ಬಾಯಿಂದ ಹೊರಡತೊಡಗಿದೊಡನೆ ಅರ್ಧಬಲ ವ್ಯಯವಾಯಿತೆಂದು ತಿಳಿದು ವ್ಯಾಯಾಮವನ್ನು ನಿಲ್ಲಿಸಬೇಕೆಂಬ ಸುಶ್ರುತನ ವಿಧಿಯನ್ನು ಪಂದ್ಯಕ್ಕೆ ಓಡುವವಳು ಪಾಲಿಸಲಾರಳು, ನಿಜ. ಆದರೆ ದೇಹಕ್ಕೆ ಕೂಡಿಕೊಳ್ಳಲು ಬಿಡುವು ಬೇಕೆಂಬ ಅದರ ತಿರುಳು ಆಕೆಗೂ ಅನ್ವಯಿಸುತ್ತದೆ. ಸ್ತ್ರೀಯರಲ್ಲಿ ವಿಶೇಷವಾಗಿ ಕಾಣುವ ಕಾರಣ ಆಹಾರದ ಕೊರತೆ. ಶ್ರಮಕ್ಕೆ ತಕ್ಕ ಊಟವಿಲ್ಲದಿದ್ದರೆ ದೇಹವು ಮೊದಲು ಉಳಿಸುವುದು ಋತುಧರ್ಮದ ವೆಚ್ಚವನ್ನು, ಮುಟ್ಟು ನಿಲ್ಲುತ್ತದೆ, ಅದರೊಡನೆ ಎಲುಬನ್ನು ಕಾಯುವ ಈಸ್ಟ್ರೋಜೆನ್ ರಸವೂ ಇಳಿದು ಎಲುಬು ಟೊಳ್ಳಾಗುತ್ತದೆ. ಅಮೆರಿಕದ ಕ್ರೀಡಾವೈದ್ಯರು ೧೯೯೨ರಲ್ಲಿ ಈ ಮೂರನ್ನೂ ಒಟ್ಟಾಗಿ 'ಆಟಗಾರ್ತಿಯರ ತ್ರಿಕ'ವೆಂದರು. ಕೊರತೆಯು ಹೃದಯ, ಮನಸ್ಸು, ರೋಗನಿರೋಧಶಕ್ತಿಗಳನ್ನೂ ಕುಗ್ಗಿಸುವುದೆಂದು ಕಂಡುಬಂದುದರಿಂದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ೨೦೧೪ರಲ್ಲಿ ಅದನ್ನು ವಿಸ್ತರಿಸಿತು.

ಮುಟ್ಟು ನಿಂತರೆ ಅಭ್ಯಾಸ ಚೆನ್ನಾಗಿ ಸಾಗುತ್ತಿದೆಯೆಂದು ಭಾವಿಸುವ ಶಿಕ್ಷಕರೂ, ತೊಂದರೆ ತಪ್ಪಿತೆಂದು ನೆಮ್ಮದಿಪಡುವ ಹುಡುಗಿಯರೂ ಇದ್ದಾರೆ. ಬಾಯಿಬಿಟ್ಟು ಹೇಳಲು ನಾಚುವ ವಿಷಯವಾದುದರಿಂದ ಪುರುಷಶಿಕ್ಷಕನಿರುವ ಶಾಲೆಯಲ್ಲಿ ಇದನ್ನು ವಿಚಾರಿಸುವುದಕ್ಕೆ ಒಬ್ಬ ಶಿಕ್ಷಕಿಯನ್ನು ನೇಮಿಸುವುದು ಯುಕ್ತ. ಮೂರು ತಿಂಗಳು ಮುಟ್ಟಾಗದಿದ್ದರೆ, ಅಥವಾ ಹದಿನೈದು ತುಂಬಿದರೂ ಮೈನೆರೆಯದಿದ್ದರೆ ವೈದ್ಯರಿಗೆ ತೋರಿಸತಕ್ಕುದು. ಬಿರುಕಿಗೆ ಆರರಿಂದ ಎಂಟು ವಾರಗಳ ವಿಶ್ರಾಂತಿ ಸಾಮಾನ್ಯವಾಗಿ ಸಾಕಾಗುತ್ತದೆ. ತೊಡೆಯೆಲುಬಿನ ಕೊರಳಿನಲ್ಲಿ ಬಿರುಕಾದರೆ ಮಾತ್ರ ಅಪಾಯ ಹೆಚ್ಚು, ಒಂದು ಹೆಜ್ಜೆಯನ್ನೂ ಊರಿಸದೆ ಆಸ್ಪತ್ರೆಗೆ ಒಯ್ಯಬೇಕು. ಕೊರತೆಯಿರುವವಳಿಗೆ ಓಟವನ್ನು ತಗ್ಗಿಸಿ ಊಟವನ್ನು ಹೆಚ್ಚಿಸುವುದೇ ಮೂಲಚಿಕಿತ್ಸೆ. ರಾಗಿಯ ಮುದ್ದೆ, ಹಾಲು, ಮೊಸರು, ಬೇಳೆಕಾಳುಗಳು ನಮ್ಮಲ್ಲಿ ಸುಲಭವಾಗಿ ದೊರೆಯುತ್ತವೆ. ರಾಗಿಯಲ್ಲಿ ಸುಣ್ಣದ ಅಂಶವು ಅಕ್ಕಿ ಗೋಧಿಗಳಲ್ಲಿರುವುದಕ್ಕಿಂತ ಬಹಳ ಹೆಚ್ಚು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಓಡಿ, ಹತ್ತು ಗಂಟೆಯವರೆಗೆ ಏನನ್ನೂ ತಿನ್ನದೆ ತರಗತಿಯಲ್ಲಿ ಕುಳ್ಳಿರುವ ಪದ್ಧತಿಯನ್ನು ಮೊದಲು ಬಿಡಿಸಬೇಕು. ಹೀಗೆ ನಡೆದುಕೊಂಡರೂ ಮುಟ್ಟು ಮರಳುವುದಕ್ಕೆ ಎಷ್ಟೋ ತಿಂಗಳು ಹಿಡಿಯುತ್ತದೆ, ಎಲುಬು ಗಟ್ಟಿಯಾಗುವುದಕ್ಕೆ ವರ್ಷಗಳೇ ಬೇಕಾಗುತ್ತವೆ.